ಸೇತುವೆ ಇಲ್ಲದ ಹೊಳೆ

“ಏಳನೇ ಕ್ಲಾಸು ದಾಟೋಕಾಗದೇ ಇರೋನು ಏಳು ಪುಸ್ತಕ ಬರೀತಾನಂತೆ! ಕೇಳ್ರಮ್ಮಾ, ಕೇಳಿ!” ಎಂದರು ಕಿಟಕಿಯ ಬಳಿ ಪ್ರೂಫ್ ತಿದ್ದುತ್ತಿದ್ದ ಮೇಷ್ಟ್ರು, ಕನ್ನಡಕವನ್ನು ಹಣೆಗೇರಿಸಿಕೊಂಡು. “ಜಪಾನಿನ ಚರಿತ್ರೆಯಂತೆ, ಸಮುರಾಯಿಯಂತೆ. ಆ ಹೊಳೆಗೆ ಸೇತುವೇನೇ ಇರಲಿಲ್ಲ ಕಣಯ್ಯಾ. ಕಟ್ಟಬಾರದು ಅಂತ ಅಲ್ಲಿನ ಸರ್ಕಾರದ್ದೇ ಅಪ್ಪಣೆ. ನಿನ್ನ ಸಮುರಾಯಿಗೆ ಮಾತ್ರ ಯಾರು ಕಟ್ಟಿಸಿಕೊಟ್ರು? ನಿಮ್ಮ ಮಾವನಾ?”

ಬೈಂಡಿಂಗ್ ಹಾಲಿನಲ್ಲಿ ಸಾಲಾಗಿ ಕೂತು ಅಚ್ಚಾದ ಹಾಳೆಗಳನ್ನು ಮಡಿಚುತ್ತಿದ್ದ ಹೆಂಗಸರು ಗೊಳ್ಳೆಂದು ನಕ್ಕರು. ನಕ್ಕರೂ ಅವರ ಕೈ ನಿಲ್ಲಲಿಲ್ಲ. ಹಾಳೆ ಮಡಿಚು, ಮರದ ಪಟ್ಟಿಯಿಂದ ಒತ್ತಿ ಎಳೆ, ಪಕ್ಕಕ್ಕೆ ಹಾಕು. ಸರ್, ಸರ್ ಎಂಬ ಸದ್ದು ಮಾತ್ರ ಒಂದೇ ಸಮ. ಹಾಲಿನ ನಡುವೆ ನಿಂತಿದ್ದ ಕೆಂಡನಿಗೆ ಬೈಗುಳಕ್ಕಿಂತ ಆ ಸದ್ದೇ ಹೆಚ್ಚು ಚುಚ್ಚಿತು.

ಏಕೆಂದರೆ ಆ ಪ್ರಕಾಶನದ ಪದ್ಧತಿಯೇ ಬೇರೆ. ಬಸ್ ನಿಲ್ದಾಣಗಳಲ್ಲಿ ಮಾರುವ ಪಾಕೆಟ್ ಕಾದಂಬರಿಗಳ ಕಾರ್ಖಾನೆ ಅದು. ಯಜಮಾನರು ಯಾರ ಹಸ್ತಪ್ರತಿಯನ್ನೂ ಓದಿದವರಲ್ಲ. ಹೊಸ ಸರಣಿ ಬರೆಯುತ್ತೇನೆಂದು ಬಂದವನು ಈ ಹಾಲಿನ ನಡುವೆ ನಿಂತು ಅಷ್ಟೂ ಪುಸ್ತಕಗಳ ಕಥೆಯನ್ನು ಬಾಯಲ್ಲಿ ಹೇಳಬೇಕು. ಯಜಮಾನರು ಮೂಲೆಯ ಕುರ್ಚಿಯಲ್ಲಿ ಕೂತು ಹೆಂಗಸರ ಕೈ ನೋಡುತ್ತಾರೆ, ಅಷ್ಟೇ. ಕಥೆ ಕೇಳುತ್ತಾ ಕೇಳುತ್ತಾ ಮಡಿಚುವ ಕೈ ತಾನಾಗಿ ನಿಂತರೆ ಸರಣಿ ಪಾಸು. ನಿಲ್ಲದಿದ್ದರೆ, ಹೇಳಿದವನು ಮಹಾಪಂಡಿತನಾದರೂ ಮೆಟ್ಟಿಲಿಳಿದು ಹೋಗುತ್ತಾ ಇರಬೇಕು.

ಕೆಂಡ ಎಂಬುದು ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಕೋಲ್ಡ್ ಸ್ಟೋರೇಜಿನಲ್ಲಿ ಪೆಟ್ಟಿಗೆ ಹೊರುತ್ತಿದ್ದಾಗ ಜೊತೆಯವರು ಅಂಟಿಸಿದ್ದು. ಮಂಜುಗಡ್ಡೆಯ ಮಧ್ಯೆ ನಿಲ್ಲಿಸಿದರೂ ಹೊಗೆಯಾಡುವವನು ಇವನೊಬ್ಬನೇ ಅಂತ. ಅಪ್ಪ ತೀರಿಕೊಂಡ ವರ್ಷ ಶಾಲೆ ಬಿಡಿಸಿದರು. ಆ ಸಿಟ್ಟು ಅವತ್ತು ಹೊತ್ತಿದ್ದು, ಆರಿಯೇ ಇರಲಿಲ್ಲ. ಗುಜರಿ ಅಂಗಡಿಯಲ್ಲಿ ರಟ್ಟು ಕಿತ್ತುಹೋದ ಜಪಾನಿನ ಚಿತ್ರಪುಸ್ತಕವೊಂದು ಸಿಕ್ಕಿತ್ತು. ಅದರಲ್ಲಿ ಕಮಾನಿನಂತೆ ಬಾಗಿದ ಮರದ ಸೇತುವೆ, ಅದರ ಮೇಲೆ ಒಬ್ಬನೇ ಸಮುರಾಯಿ ಯೋಧ. ಇನ್ನೊಂದು ಪುಟದಲ್ಲಿ ಅಗಲವಾದ ಹೊಳೆ, ಕೆಳಗೆ ಅದರ ಹೆಸರು. ಕೆಂಡ ಈ ಪುಟದ ಸೇತುವೆಯನ್ನು ಎತ್ತಿ ಆ ಪುಟದ ಹೊಳೆಯ ಮೇಲೆ ಇಟ್ಟಿದ್ದ. ತನ್ನ ಸಮುರಾಯಿ ಸತ್ತ ಒಡೆಯನಿಗೆ ಕೊಟ್ಟ ಮಾತಿನಂತೆ ಆ ಸೇತುವೆಯನ್ನು ಕಾಯುತ್ತಾನೆ; ಏಳೂ ಪುಸ್ತಕಗಳಲ್ಲಿ ಒಬ್ಬೊಬ್ಬ ಶತ್ರು ಅದನ್ನು ದಾಟಲು ಬರುತ್ತಾನೆ. ಈಗ ಮೇಷ್ಟ್ರು ಒಂದೇ ಮಾತಲ್ಲಿ ಸೇತುವೆ ಕಿತ್ತುಬಿಟ್ಟಿದ್ದರು. ಸಮುರಾಯಿ, ಶತ್ರು, ಏಳು ಪುಸ್ತಕ, ಎಲ್ಲವೂ ದಬದಬನೆ ನೀರಿಗೆ.

ಕೆಂಡನ ಮುಷ್ಟಿ ಬಿಗಿಯಿತು. ಯಜಮಾನರು ಅದನ್ನೂ ನೋಡಿದರು.

“ಹೊಡೆದಾಟ ಕಥೆಯೊಳಗಿರಲಿ,” ಎಂದರು. “ಬುಧವಾರ ಇನ್ನೊಂದು ಸಲ ಬಾ. ಹೊಳೆ ದಾಟೋಕೆ ದಾರಿ ಹುಡುಕಿಕೊಂಡು ಬಾ. ಆಗಲೂ ಇವರ ಕೈ ನಿಲ್ಲಲಿಲ್ಲ ಅನ್ನು, ಮತ್ತೆ ಈ ಕಡೆ ತಲೆ ಹಾಕಬೇಡ.”

ಮನೆಯೆಂದರೆ ಅಕ್ಕನ ಮನೆ. ಒಂದು ಕೋಣೆ, ಒಂದು ಅಡುಗೆಮನೆ. ಬೀರುವಿನ ಹಿಂದೆ ಕೆಂಡನ ಹಾಸಿಗೆ. ಭಾವ ಕೋಲ್ಡ್ ಸ್ಟೋರೇಜಿನಲ್ಲಿ ಸೂಪರ್‌ವೈಸರ್. ಊಟಕ್ಕೆ ಕೂತಾಗ ತಟ್ಟೆಯಿಂದ ತಲೆಯೆತ್ತದೆ ಕೇಳಿದ, “ಏನಂದ್ರಪ್ಪಾ, ನಿನ್ನ ಜಪಾನಿನವರು?”

“ಬುಧವಾರ ಮತ್ತೆ ಕರೆದಿದ್ದಾರೆ.”

“ಬುಧವಾರ ಹೋಗಿ ಬಾ. ಗುರುವಾರ ಬೆಳಗ್ಗೆ ನನ್ನ ಜೊತೆ ಹೊರಡು. ಫ್ರೀಜರ್ ಒಳಗಿನ ಪರ್ಮನೆಂಟ್ ಕೆಲಸ, ಮ್ಯಾನೇಜರ್ ಕೈಕಾಲು ಹಿಡಿದು ಉಳಿಸಿಕೊಂಡಿದ್ದೀನಿ. ಸಹಿ ಹಾಕಿದರೆ ಮೂರು ವರ್ಷ ಅಲ್ಲಾಡೋ ಹಾಗಿಲ್ಲ, ಅಷ್ಟು ತಿಳ್ಕೋ.”

“ಪಾಸಾದರೆ?”

“ಪಾಸಾದರೆ ನಿನ್ನ ಸಮುರಾಯೀನ ಕಳಿಸು, ಅವನೇ ಪೆಟ್ಟಿಗೆ ಹೊರಲಿ. ಕತ್ತಿ ಮಾತ್ರ ಗೇಟಲ್ಲಿ ಬಿಟ್ಟು ಬರಬೇಕು.”

ಅಕ್ಕ ನಗು ತಡೆಯಲಾರದೆ ಸೆರಗಲ್ಲಿ ಬಾಯಿ ಮುಚ್ಚಿಕೊಂಡಳು. ಆಮೇಲೆ ತಮ್ಮನ ಮುಖ ನೋಡಿ ನಗು ನುಂಗಿದಳು. “ಸುಮ್ಮನಿರಿ ನೀವು. ಅವನು ಎರಡು ವರ್ಷದಿಂದ ಕಟ್ಟಿಕೊಂಡು ಕೂತಿರೋ ಕಥೆ ಅದು.”

“ಕಟ್ಟಲಿ, ನಾನು ಬೇಡ ಅಂದ್ನಾ? ಈ ಮನೇಲಿ ಜಾಗ ಕಟ್ಟೋಕೆ ಮಾತ್ರ ನನಗೆ ಬರಲ್ಲ,” ಎಂದ ಭಾವ, ಹೆಂಡತಿಯ ಹೊಟ್ಟೆಯತ್ತ ಕಣ್ಣು ಹಾಯಿಸಿ. ಅವಳಿಗೆ ದಿನ ತುಂಬುತ್ತಾ ಬಂದಿತ್ತು. ಬೀರುವಿನ ಹಿಂದಿನ ಜಾಗಕ್ಕೆ ತೊಟ್ಟಿಲು ಬರಬೇಕಿತ್ತು.

ಭಾವ ಕೆಟ್ಟವನಲ್ಲ. ಅದೇ ಕಷ್ಟ. ಕೆಟ್ಟವನಾಗಿದ್ದರೆ ತಿರುಗಿಬಿದ್ದು ಹೋಗಬಹುದಿತ್ತು. ಭಾವ ನೀರಿನ ಲೋಟ ಹಿಡಿಯುವಾಗ ಎರಡು ಅಂಗೈಗಳ ನಡುವೆ ಒತ್ತಿ ಹಿಡಿಯುವುದನ್ನು ಕೆಂಡ ದಿನಾ ನೋಡುತ್ತಿದ್ದ. ವರ್ಷಗಟ್ಟಲೆ ಫ್ರೀಜರಿನಲ್ಲಿ ದುಡಿದ ಬೆರಳುಗಳು ಈಗ ಪೂರ್ತಿ ಮಡಿಚುತ್ತಿರಲಿಲ್ಲ. ಕೆಂಡ ದಿನಗೂಲಿಯವನಾಗಿ ಒಳಗೆ ಹೋದ ದಿನಗಳಲ್ಲೇ ಸಂಜೆ ಪೆನ್ನು ಬೆರಳಿಗೆ ನಿಲ್ಲುತ್ತಿರಲಿಲ್ಲ. ಇನ್ನು ಮೂರು ವರ್ಷ? ಕಥೆ ತಲೆಯಲ್ಲಿದ್ದು ಏನು ಉಪಯೋಗ, ಬರೆಯುವ ಕೈಯೇ ಕಟ್ಟಿಗೆಯಾದ ಮೇಲೆ?

ಬುಧವಾರದೊಳಗೆ ಹೊಳೆ ದಾಟಬೇಕು. ಇಲ್ಲವಾದರೆ ಮುಗಿಯಿತು.

ಬೀರುವಿನ ಹಿಂದೆ ಗೋಡೆಗೆ ಮುಖ ಮಾಡಿ ಮಲಗಿ ಸೇತುವೆ ಇಲ್ಲದ ಹೊಳೆಯನ್ನು ಎಲ್ಲ ಕಡೆಯಿಂದ ದಾಟಿ ನೋಡಿದ. ದೋಣಿ ತಂದ, ದೋಣಿಯನ್ನು ಎಷ್ಟು ಪುಸ್ತಕ ಅಂತ ಕಾಯುತ್ತಾ ಕೂರುವುದು? ಹೊಳೆ ಹೆಪ್ಪುಗಟ್ಟಿಸಿದ, ಹರಿಯುವ ನೀರು ಹಾಗೆ ಸುಲಭಕ್ಕೆ ಹೆಪ್ಪುಗಟ್ಟದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಹೊಳೆಯನ್ನೇ ತೆಗೆದುಹಾಕಿದ, ಆಗ ಸಮುರಾಯಿ ನಿಲ್ಲಲು ಜಾಗವಿಲ್ಲದೆ ಬಯಲಿನಲ್ಲಿ ಪೆದ್ದನ ಹಾಗೆ ಕತ್ತಿ ಹಿಡಿದು ನಿಂತ. ಸಿಟ್ಟಿಗೆ ಗೋಡೆಗೆ ಗುದ್ದಿದ. ಆ ಕಡೆಯಿಂದ ಅಕ್ಕ, “ಏನೋ ಅದು?” ಎಂದಳು. “ಇಲಿ,” ಎಂದ. “ಇಲಿಗೆ ಅಷ್ಟು ಕೋಪ ಒಳ್ಳೇದಲ್ಲ, ಮಲಗಿಕೋ,” ಎಂದಳು ಅಕ್ಕ.

ಮರುದಿನ ಬೇರೆ ದಾರಿ ಕಾಣದೆ, ನಾಚಿಕೆ ಮಾನ ಎಲ್ಲ ಜೇಬಿಗೆ ಹಾಕಿಕೊಂಡು, ಮೇಷ್ಟ್ರ ಮನೆಗೇ ಹೋದ. ಅವರು ಬಾಗಿಲಲ್ಲಿ ಹಳೆ ಪೇಪರ್ ಹಾಸಿಕೊಂಡು ಬೂಟಿಗೆ ಪಾಲಿಶ್ ತಿಕ್ಕುತ್ತಿದ್ದರು. ಚರಿತ್ರೆ ಪಾಠ ಮಾಡಿ ನಿವೃತ್ತರಾದವರು. ಪ್ರಕಾಶನದ ರಾಜರಾಣಿಯರ ಕಾದಂಬರಿಗಳೆಲ್ಲ ಅವರ ಹೆಸರಿನಲ್ಲೇ ಬರುತ್ತಿದ್ದವು. ಇವನನ್ನು ಕಂಡು ಬ್ರಷ್ಷನ್ನು ಗುರಾಣಿಯಂತೆ ಎತ್ತಿ ಹಿಡಿದರು.

“ಏನಯ್ಯಾ, ಹೊಡೆಯೋಕೆ ಬಂದ್ಯಾ?”

“ಇಲ್ಲ ಮೇಷ್ಟ್ರೇ. ಸೇತುವೆ ಇಲ್ಲದೆ ಜನ ಹೇಗೆ ದಾಟುತ್ತಿದ್ದರು ಅಂತ ಕೇಳೋಕೆ ಬಂದೆ.”

ಮೇಷ್ಟ್ರು ಬ್ರಷ್ಷು ಇಳಿಸಿದರು. ಪಾಠ ಕೇಳುವವರು ಸಿಕ್ಕಿ ಎಷ್ಟು ಕಾಲವಾಗಿತ್ತೋ, ಮುಖವೇ ಬದಲಾಯಿತು. “ಕೂತ್ಕೋ. ಹೊಳೆ ದಾಟಿಸೋ ಕೂಲಿಗಳು ಅಂತಲೇ ಇದ್ದರು. ಮೈಮೇಲೆ ಲಂಗೋಟಿ ಬಿಟ್ಟರೆ ಏನಿಲ್ಲ. ದೊಡ್ಡವರನ್ನ ಹಲಗೆ ಮೇಲೆ ಕೂರಿಸಿ ನಾಲ್ಕಾರು ಜನ ಹೊರೋರು. ಉಳಿದವರನ್ನ ಹೆಗಲ ಮೇಲೆ. ನೀರು ಎಷ್ಟು ಆಳವೋ ಅದರ ಮೇಲೆ ಕೂಲಿ. ತೊಡೆ ಮಟ್ಟ ಅಂದರೆ ಒಂದು ರೇಟು, ಸೊಂಟಕ್ಕೆ ಒಂದು, ಎದೆಗೆ ಒಂದು. ಕಂಕುಳು ದಾಟಿತೋ, ಹೊಳೆ ಬಂದ್. ಇಳಿಯೋವರೆಗೂ ಎಲ್ಲ ದಡದಲ್ಲೇ.”

“ಸಮುರಾಯೀನೂ ಹೆಗಲ ಮೇಲೇನಾ?”

“ಒಡೆಯ ಸತ್ತು ಕೆಲಸ ಕಳಕೊಂಡ ಸಮುರಾಯಿಗೆ ಹಲಗೆ ಯಾರಪ್ಪ ಕೊಡ್ತಾರೆ? ಅವನ ಪಾಡೂ ನಿನ್ನ ಪಾಡೇ. ಹೆಗಲು.” ಅಷ್ಟು ಹೇಳಿ ಮತ್ತೆ ಬೂಟು ಎತ್ತಿಕೊಂಡರು. “ಸುಮ್ಮನೆ ತಲೆ ಕೆಡಿಸಿಕೋಬೇಡ. ಇದೆಲ್ಲ ಓದಿದವರಿಗೇ ಕಷ್ಟ.”

ಬರುವಾಗ ಇದ್ದದ್ದಕ್ಕಿಂತ ಹೆಚ್ಚು ಕಂಗಾಲಾಗಿ ಕೆಂಡ ಹೊರಬಂದ. ಎರಡು ವರ್ಷ ತಾನು ಸಾಕಿದ ಗಂಡೆದೆಯ ಸಮುರಾಯಿ, ಲಂಗೋಟಿಯವನ ಹೆಗಲ ಮೇಲೆ ಜಾತ್ರೆಗೆ ಹೊರಟ ಮಗುವಿನಂತೆ ಕಾಲು ಇಳಿಬಿಟ್ಟುಕೊಂಡು ಕೂರುವುದೇ? ಇದನ್ನು ಹೇಳಿದರೆ ಆ ಹೆಂಗಸರು ನಕ್ಕು ನಕ್ಕು ಸಾಯುತ್ತಾರೆ. ಕೈ ಮಾತ್ರ ನಿಲ್ಲದು. ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡ. ಸಾಲದ್ದಕ್ಕೆ ಸಿಕ್ಕ ಕಲ್ಲೊಂದಕ್ಕೆ ಒದ್ದು ಕಾಲಿನ ಉಗುರೂ ಕಿತ್ತುಕೊಂಡ.

ಮಂಗಳವಾರ ಭಾವ ಅವನನ್ನು ಎಳೆದುಕೊಂಡೇ ಹೋದ. ಮ್ಯಾನೇಜರಿಗೆ ಒಮ್ಮೆ ಮುಖ ತೋರಿಸಿ ಬರೋಣ ಅಂತ. ಹೋಗಿ ನೋಡಿದರೆ ಕೋಲ್ಡ್ ಸ್ಟೋರೇಜಿನ ಒಳಹಾದಿ ಹೊಳೆಯಾಗಿತ್ತು. ಪೈಪು ಒಡೆದು, ಮಂಜು ಕರಗಿದ ನೀರೂ ಸೇರಿ, ಥರ್ಮೋಕೋಲಿನ ತುಂಡುಗಳು ಚರಂಡಿಯ ಬಾಯಿಗೆ ಕೂತು, ಮೊಣಕಾಲಿನ ಮೇಲಕ್ಕೆ ನೀರು. ಕರೆಂಟು ತೆಗೆದಿದ್ದರು. ಆ ತುದಿಯ ಕೋಣೆಯಲ್ಲಿ ಮಾಲಿನ ಪೆಟ್ಟಿಗೆಗಳು ಏನಾಗಿವೆಯೋ ಮ್ಯಾನೇಜರ್ ಕಣ್ಣಾರೆ ನೋಡಲೇಬೇಕು. ಆದರೆ ಕಾಲಲ್ಲಿ ಹೊಸ ಬೂಟು, ಇಸ್ತ್ರಿಯ ಪ್ಯಾಂಟು. ಆತ ನೀರಿನಂಚಿನಲ್ಲಿ ಕೊಕ್ಕರೆಯಂತೆ ನಿಂತಿದ್ದ.

“ಸಾರ್, ನಮ್ಮ ಹುಡುಗ ಇದ್ದಾನಲ್ಲ,” ಎಂದ ಭಾವ. “ಹೂವಿನ ಹಾಗೆ ದಾಟಿಸ್ತಾನೆ.” ಆಮೇಲೆ ಕೆಂಡನ ಕಿವಿಯಲ್ಲಿ, “ನಿನ್ನ ಅಕ್ಕನ ಮುಖ ನೋಡಿಕೊಂಡು ಬಗ್ಗು.”

ಕೆಂಡ ಹಲ್ಲು ಕಚ್ಚಿ ಬಗ್ಗಿದ. ಮ್ಯಾನೇಜರ್ ಹೆಗಲೇರಿದ. ಎರಡು ಮಂಡಿ ಕೆಂಡನ ಎರಡು ಕಿವಿಗೆ ಒತ್ತಿದವು. ಹೊಸ ಬೂಟು ಎದೆಯ ಮೇಲೆ ತೂಗಾಡಿದವು. ನೀರು ಬ್ಲೇಡಿನಂತೆ ಕಾಲು ಕೊಯ್ಯಿತು.

“ಏ, ಎಡಕ್ಕೆ ಹೋಗೋ. ಎಡಕ್ಕೆ ಅಂದರೆ ಎಡಕ್ಕೆ. ಬೇಗ ಬೇಗ.” ಮೇಲಿನಿಂದ ಕುದುರೆ ಓಡಿಸುವವನ ಗತ್ತು.

ಅರ್ಧ ದಾರಿಗೆ ಬರುವಷ್ಟರಲ್ಲಿ ಕೆಂಡನ ಪಾದಗಳಿಗೆ ಜೀವವೇ ಇರಲಿಲ್ಲ. ನೀರಿನಡಿ ಬಿದ್ದಿದ್ದ ಯಾವುದೋ ಮರದ ಹಲಗೆಗೆ ಕಾಲು ತಾಗಿ ವಾಲಿದ. ಆ ಕ್ಷಣ ಮೇಲಿದ್ದವನ ಹತ್ತೂ ಬೆರಳು ಕೆಂಡನ ಕೂದಲಿಗೆ ಹೊಕ್ಕವು.

“ಅಪ್ಪಾ... ಬೀಳಿಸಬೇಡಪ್ಪಾ... ನಿನ್ನ ದಮ್ಮಯ್ಯಾ!”

ಕೆಂಡ ನಿಂತ. ಸುಮ್ಮನೆ, ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚಿಗೆ ನಿಂತ. ಮೇಲೆ ಉಸಿರಿನ ಸದ್ದೂ ಇರಲಿಲ್ಲ. ಕತ್ತಲಲ್ಲಿ, ಕೊರೆಯುವ ನೀರಿನಲ್ಲಿ, ಆ ದೊಡ್ಡ ಮನುಷ್ಯನ ಇಡೀ ಭಾರ ತನ್ನ ಎರಡು ಸತ್ತ ಕಾಲುಗಳ ಮೇಲಿತ್ತು. ಈತನಿಗೆ ನನ್ನ ಮುಖ ಕಾಣುವುದಿಲ್ಲ, ಅನ್ನಿಸಿತು ಕೆಂಡನಿಗೆ. ಹೆಗಲ ಮೇಲೆ ಕೂತವನಿಗೆ ಹೊತ್ತವನ ಮುಖ ಎಂದೂ ಕಾಣುವುದಿಲ್ಲ.

ಆ ತುದಿಯಲ್ಲಿ ಇಳಿಸಿದಾಗ ಮ್ಯಾನೇಜರ್ ಅಂಗಿ ಎಳೆದುಕೊಂಡು, “ಪ್ಯಾಂಟಿನ ತುದಿ ಒದ್ದೆಯಾಯ್ತಲ್ಲೋ. ಕಣ್ಣು ಬಿಟ್ಟುಕೊಂಡು ನಡೆಯೋಕೇನು ರೋಗ?” ಎಂದ. ಇನ್ನೊಂದು ದಿನವಾಗಿದ್ದರೆ ಅಲ್ಲೇ ರಾದ್ಧಾಂತವಾಗುತ್ತಿತ್ತು. ಕೆಂಡನಿಗೆ ಅದು ಕೇಳಿಸಿಯೇ ಇರಲಿಲ್ಲ. ನೀರು ಸುರಿಯುವ ಪ್ಯಾಂಟಿನಲ್ಲೇ ಗೇಟು ದಾಟಿ ಓಡಿದ. “ಎಲ್ಲಿಗೋ?” ಎಂದು ಭಾವ ಹಿಂದೆ ಕೂಗುತ್ತಲೇ ಇದ್ದ.

ಬುಧವಾರ ಬೈಂಡಿಂಗ್ ಹಾಲಿನಲ್ಲಿ ಅದೇ ಸಾಲು, ಅದೇ ಸರ್ ಸರ್. ಮೇಷ್ಟ್ರು ಕಿಟಕಿಯ ಬಳಿ ಪ್ರೂಫ್ ತಿದ್ದುತ್ತಿದ್ದರು. ಸಾಲಿನ ಹಿರಿಯಳು, ಎಲ್ಲರೂ ದೊಡ್ಡಮ್ಮ ಎನ್ನುವವಳು, “ಬಂದನಮ್ಮಾ ಸೇತುವೆ ಕಂಟ್ರಾಕ್ಟರು,” ಎಂದಳು. ಕಿಸಿಕಿಸಿ ನಗೆ.

ಕೆಂಡ ಹಾಲಿನ ನಡುವೆ ಬಂದು ನಿಂತ. ಶುರು ಮಾಡಿದ.

“ಸೇತುವೆ ಇಲ್ಲ. ಸಮುರಾಯಿ ನಾಯಕನೂ ಅಲ್ಲ. ಇದು ಅವನನ್ನ ಹೊತ್ತವನ ಕಥೆ.”

ಯಜಮಾನರು ಕಾಲ ಮೇಲೆ ಹಾಕಿದ್ದ ಕಾಲು ಇಳಿಸಿದರು.

“ಏಳು ಪುಸ್ತಕ, ಏಳು ಆಳ. ಮೊದಲನೇದರಲ್ಲಿ ನೀರು ಬರೀ ಪಾದಕ್ಕೆ. ಆ ಹೊಳೆಯ ದಡದಲ್ಲಿ ಅಣ್ಣತಮ್ಮ ಇಬ್ಬರು, ಇಬ್ಬರೂ ಜನರನ್ನ ಹೊತ್ತು ದಾಟಿಸೋ ಕೂಲಿಗಳು. ಒಬ್ಬ ಹರೆಯದ ಸಮುರಾಯಿ ಬರ್ತಾನೆ. ಅಣ್ಣ ಅವನನ್ನ ದಾಟಿಸಿ ಇಳಿಸುವಾಗ ಒಂದು ಹನಿ ಕೆಸರು ಅವನ ಬಟ್ಟೆಗೆ ಸಿಡಿಯುತ್ತೆ. ಒಂದೇ ಹನಿ. ಸಮುರಾಯಿ ಕತ್ತಿ ತೆಗೀತಾನೆ, ಅಣ್ಣ ಅಲ್ಲೇ ಮಲಗ್ತಾನೆ. ಕತ್ತಿ ಒರೆಸಿಕೊಂಡು ಅವನು ಹೊರಟುಹೋಗ್ತಾನೆ. ತಮ್ಮ ಎಲ್ಲಾ ನೋಡಿದ್ದಾನೆ.”

ಸರ್ ಸರ್ ಸ್ವಲ್ಪ ನಿಧಾನವಾಯಿತು.

“ಎರಡನೇ ಪುಸ್ತಕ, ಮೊಣಕಾಲು. ಅದೇ ಸಮುರಾಯಿ ಮತ್ತೆ ಬರ್ತಾನೆ. ತಮ್ಮನ ಹೆಗಲ ಮೇಲೇ ಕೂರ್ತಾನೆ. ಗುರುತೇ ಇಲ್ಲ ಅವನಿಗೆ. ಹೊರೋರೆಲ್ಲ ಅವನಿಗೆ ಒಂದೇ. ಮೇಲೆ ಕೂತವನಿಗೆ ಕೆಳಗಿನವನ ಮುಖ ಕಾಣಲ್ವಲ್ಲ? ತಮ್ಮನಿಗೆ ಬೀಳಿಸೋಣ ಅನ್ನಿಸುತ್ತೆ. ಆದರೆ ಮೊಣಕಾಲು ನೀರಲ್ಲಿ ಬಿದ್ದವನು ಎದ್ದು ಕತ್ತಿ ತೆಗೀತಾನೆ. ಅದಕ್ಕೆ ಕಾಯ್ತಾನೆ. ನೀರು ಏರಲಿ ಅಂತ ವರ್ಷಗಟ್ಟಲೆ ಕಾಯ್ತಾನೆ. ಮೂರು, ತೊಡೆ. ನಾಲ್ಕು, ಸೊಂಟ. ಪ್ರತಿ ಸಲವೂ ಆ ಸಮುರಾಯಿ ಒಂದೊಂದು ಕಳಕೊಂಡು ಬರ್ತಾನೆ. ಒಡೆಯನ್ನ, ಮನೇನ, ಹೆಂಡತೀನ. ಪ್ರತಿ ಸಲವೂ ಅವನ ಭಾರ ಕಮ್ಮಿಯಾಗ್ತಾ ಬಂದಿರೋದು ತಮ್ಮನ ಹೆಗಲಿಗೆ ಮಾತ್ರ ಗೊತ್ತು.”

ಹೇಳುತ್ತಾ ಹೇಳುತ್ತಾ ಕೆಂಡನಿಗೆ ಹಾಲು, ಹೆಂಗಸರು, ಗುರುವಾರ, ಎಲ್ಲ ಮರೆತುಹೋಯಿತು. ಎದೆಯ ನೀರು ದಾಟಿಸಿದ, ಕಂಕುಳ ನೀರು ದಾಟಿಸಿದ. “ಏಳನೇದು,” ಎಂದ, ದನಿ ತಾನಾಗಿ ತಗ್ಗಿತು. “ಹೊಳೆ ಬಂದ್. ನೀರು ಕತ್ತಿನ ಮಟ್ಟ. ಯಾರೂ ಇಳಿಯೋ ಹಾಗಿಲ್ಲ. ಮುದುಕನಾದ ಸಮುರಾಯಿ ಓಡಿಬರ್ತಾನೆ, ಹಿಂದೆ ಅಟ್ಟಿಸಿಕೊಂಡು ಬರೋರಿದ್ದಾರೆ. ಆ ದಡ ಸೇರಿದರೆ ಬದುಕು, ಇಲ್ಲಾಂದರೆ ಇಲ್ಲ. ಯಾರೂ ಒಪ್ಪಲ್ಲ. ಒಬ್ಬ ಮಾತ್ರ ಬಗ್ಗಿ ಹೆಗಲು ಕೊಡ್ತಾನೆ, ‘ಹತ್ತು’ ಅಂತಾನೆ. ಹೊಳೆಗೆ ಇಳೀತಾರೆ. ಮಧ್ಯಕ್ಕೆ ಬರ್ತಾರೆ. ಅಲ್ಲಿ ಹೊತ್ತವನು ನಿಲ್ತಾನೆ...”

ಹಾಲಿನಲ್ಲಿ ಸದ್ದಿಲ್ಲ. ಆಗ ಅವನಿಗೆ ಎಚ್ಚರವಾಯಿತು. ಸಾಲಿನುದ್ದಕ್ಕೂ ಅರ್ಧ ಮಡಿಚಿದ ಹಾಳೆಗಳು ಹಾಗೇ ಇದ್ದವು. ದೊಡ್ಡಮ್ಮನ ಮರದ ಪಟ್ಟಿ ಗಾಳಿಯಲ್ಲಿ ನಿಂತಿತ್ತು.

“ಪಾಸು,” ಎಂದರು ಯಜಮಾನರು ಮೇಲೆದ್ದು. “ಇಷ್ಟು ವರ್ಷದಲ್ಲಿ ಇವರೆಲ್ಲರ ಕೈ ಒಟ್ಟಿಗೆ ನಿಂತದ್ದು ಇದೇ ಮೊದಲು. ಮೇಷ್ಟ್ರೇ, ಬರ್ಕೊಂಡ್ರಾ?”

“ಆಗಲೇ,” ಎಂದರು ಮೇಷ್ಟ್ರು. ಅವರ ಪ್ರೂಫಿನ ಹಿಂಬದಿ ತುಂಬಿತ್ತು.

ಕೆಂಡನಿಗೆ ಮೊದಲು ಅರ್ಥವಾಗಲಿಲ್ಲ. “ಯಾಕೆ? ನಾನೇ ಬರೀತೀನಲ್ಲ.”

“ನೀನು ಹೇಳಿದ್ದು ಚೆನ್ನಾಗಿದೆಯಪ್ಪಾ, ಯಾರು ಇಲ್ಲ ಅಂದರು? ಆದರೆ ಮುಖಪುಟದ ಮೇಲೆ ಮೇಷ್ಟ್ರ ಹೆಸರಿದ್ದರೆ ಬಸ್ಸು ಹತ್ತೋನು ಕಣ್ಣು ಮುಚ್ಚಿಕೊಂಡು ತಗೋತಾನೆ. ನಿನ್ನ ಹೆಸರು ಯಾರಿಗೆ ಗೊತ್ತು? ನನಗೇ ಗೊತ್ತಿಲ್ಲ.” ಯಜಮಾನರು ನಕ್ಕು ಅವನ ಹೆಗಲು ತಟ್ಟಿದರು. ತಟ್ಟಿದ ಕೈ ಹೆಗಲ ಗಾತ್ರ ಅಳೆಯುತ್ತಾ ಅಲ್ಲೇ ನಿಂತಿತು. “ನಿನ್ನನ್ನ ಬರಿಗೈಲಿ ಕಳಿಸಲ್ಲ. ಕೆಳಗಡೆ ಬಂಡಲ್ ಹೊರೋಕೆ ಒಬ್ಬ ಬೇಕು. ನಾಳೆಯಿಂದಲೇ ಬಾ.”

“ಹೊಳೆ ವಿಷಯ ಹೇಳಿಕೊಟ್ಟೋನು ನಾನೇ ತಾನೇ?” ಎಂದರು ಮೇಷ್ಟ್ರು, ಯಾರನ್ನೂ ನೋಡದೆ. ಅದು ನಿಜವೇ ಆಗಿತ್ತು. ಎಲ್ಲರ ಮುಂದೆ, ತನ್ನದೇ ಬಾಯಿಂದ, ಪಾದದಿಂದ ಕತ್ತಿನವರೆಗೆ ಏಳೂ ಪುಸ್ತಕಗಳನ್ನು ಅವರ ಕೈಗೆ ಎತ್ತಿ ಕೊಟ್ಟಾಗಿತ್ತು. ಹೇಳಿದ್ದನ್ನು ವಾಪಸು ನುಂಗುವುದು ಹೇಗೆ? ಕೆಂಡ ಪಕ್ಕದ ಕಾಗದದ ಅಟ್ಟಿಯನ್ನು ಹಿಡಿದುಕೊಂಡ.

“ಅದೆಲ್ಲ ಆಮೇಲೆ ಮಾತಾಡಿಕೊಳ್ರಪ್ಪಾ,” ಎಂದು ದೊಡ್ಡಮ್ಮ ಗದರಿದಳು. “ಮೊದಲು ಕೊನೆ ಹೇಳಲಿ. ಹೊಳೆ ಮಧ್ಯೆ ನಿಲ್ಲಿಸಿದ್ದಾನೆ ನಮ್ಮನ್ನ. ಏನ್ ಮಾಡಿದ ಅವನು? ಮುಳುಗಿಸಿಬಿಟ್ನಾ?”

“ಮುಳುಗಿಸ್ಲೇಬೇಕು!” ಎಂದಳು ಪಕ್ಕದವಳು. “ಅಣ್ಣನ್ನ ಕೊಂದೋನನ್ನ ಬಿಡ್ತಾರಾ?”

“ಪಾಪ, ಮುದುಕ ಕಣೇ...”

“ಹೌದು, ಕೊನೆ ಹೇಳಲಿಲ್ಲವಲ್ಲಯ್ಯಾ,” ಎಂದರು ಯಜಮಾನರು. ಮೇಷ್ಟ್ರ ಪೆನ್ನು ಕಾಗದದ ಮೇಲೆ ಸಿದ್ಧವಾಗಿ ನಿಂತಿತ್ತು.

ಕೊನೆ ಕೆಂಡನಿಗೆ ಆವರೆಗೂ ಗೊತ್ತಿರಲಿಲ್ಲ. ಹೇಳುವಾಗ ಬಾಯಿಗೆ ಬಂದೀತು ಎಂದುಕೊಂಡಿದ್ದ. ಈಗ, ಇಷ್ಟು ಮುಖಗಳು ತನ್ನತ್ತ ಎತ್ತಿರುವಾಗ, ಅದು ಬಂತು. ಹೊತ್ತವನು ಹೊಳೆಯ ನಡುವೆ ನಿಂತು ಒಂದೇ ಮಾತು ಕೇಳುತ್ತಾನೆ. ‘ನನ್ನ ಹೆಸರು ಹೇಳು, ದಾಟಿಸ್ತೀನಿ.’ ಐದು ಸಲ ಆ ಹೆಗಲ ಮೇಲೆ ದಾಟಿದವನಿಗೆ ಅದು ಗೊತ್ತಿಲ್ಲ.

ಮಾತು ಗಂಟಲಿನವರೆಗೂ ಬಂದು ನಾಲಿಗೆಯ ಹಿಂದೆ ನಿಂತಿತು. ಬಾಯಿ ತೆರೆದರೆ ಅದೂ ಅವರದೇ.

“ಹೇಳಪ್ಪಾ,” ಎಂದಳು ದೊಡ್ಡಮ್ಮ, ಈ ಸಲ ತಮಾಷೆಯಿಲ್ಲದೆ.

ಕೆಂಡ ಹಲ್ಲುಗಳನ್ನು ಒತ್ತಿ ಹಿಡಿದ. ಕಾಗದದ ಅಟ್ಟಿಯಿಂದ ಕೈ ತೆಗೆದ. ಹಾಳೆಗಳ ಸಾಲಿನ ನಡುವೆ ದಾರಿ ಮಾಡಿಕೊಂಡು ಬಾಗಿಲಿನತ್ತ ನಡೆದ.

“ಏಯ್, ಎಲ್ಲಿಗೆ? ಮುಳುಗಿಸಿದ್ನೋ ಇಲ್ವೋ, ಅಷ್ಟು ಹೇಳಿ ಹೋಗೋ!” ಯಜಮಾನರ ದನಿ ಮೆಟ್ಟಿಲವರೆಗೂ ಅಟ್ಟಿಸಿಕೊಂಡು ಬಂತು. ಅದರ ಹಿಂದೆ ಮೇಷ್ಟ್ರದು, “ನಿಲ್ಲಯ್ಯಾ, ಸ್ವಲ್ಪ ನಿಲ್ಲು!”

ಕಥೆಯ ಕೊನೆ ಮಾತ್ರ ಅವನ ಹಲ್ಲಿನ ಹಿಂದೆಯೇ ಉಳಿದಿತ್ತು. ನಾಳೆ ಗುರುವಾರ. ತಿರುಗಿ ನೋಡದೆ ಇಳಿಯುತ್ತಲೇ ಹೋದ.